ಬಿಸಿಯೂಟ ಹೇಗಿದೆ? ಮಕ್ಕಳ ಸಾಲಿನಲ್ಲಿ ಕೂತು ಉಂಡು ನೋಡಿ

ನನ್ನ ಮಗಳು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಹೋದ ವರ್ಷ ಸ್ವಲ್ಪ ದಿನ ಸಂಜೆ ಬಂದವಳೇ ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಿದ್ದಳು. "ಸಾಲ್ಯಾಗ ಉಂಡಿಲ್ಲೇನು?" ಅಂದರೆ, "ಉಂಡೀನವ್ವ, ಸಾಂಬಾರು ಬರೀ ನೀರಿತ್ತು" ಅನ್ನುತ್ತಿದ್ದಳು. ನಾಲ್ಕೈದು ಸಲ ಇದೇ ಮಾತು ಕೇಳಿದ ಮೇಲೆ ನಾನೇ ಶಾಲೆಗೆ ಹೋದೆ. ಏನು ನೋಡಬೇಕು, ಯಾರನ್ನು ಕೇಳಬೇಕು ಅಂತ ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮನೆಯಲ್ಲೇ ಲೆಕ್ಕ ಹಾಕಿ

ಬಿಸಿಯೂಟಕ್ಕೆ ಸರ್ಕಾರ ಅಳತೆ ಕಟ್ಟಿದೆ. ಒಂದರಿಂದ ಐದನೇ ಕ್ಲಾಸಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟನೇ ಕ್ಲಾಸಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ. ಇವೆಲ್ಲ ಬೇಯಿಸುವ ಮೊದಲಿನ ತೂಕ.

ಈಗ ನಿಮ್ಮ ಶಾಲೆಯ ಲೆಕ್ಕ ಮಾಡಿ. ಐದನೇ ಕ್ಲಾಸಿನವರೆಗೆ 80 ಮಕ್ಕಳು ಬಂದಿದ್ದಾರೆ ಅನ್ನಿ. ಅಕ್ಕಿ 8 ಕೆಜಿ, ತರಕಾರಿ 4 ಕೆಜಿ, ಎಣ್ಣೆ 400 ಗ್ರಾಂ ಬೇಕು. ಬೇಳೆ 1 ಕೆಜಿ 600 ಗ್ರಾಂ. ಬೇಳೆಯ ಲೆಕ್ಕ ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಅನ್ನ ಕಡಿಮೆಯಾದರೆ ಮಕ್ಕಳು ಮತ್ತೆ ಕೇಳುತ್ತಾರೆ, ಗೊತ್ತಾಗುತ್ತದೆ. ಬೇಳೆ ಕಡಿಮೆಯಾದರೆ ನೀರು, ಖಾರ, ಒಗ್ಗರಣೆಯಲ್ಲಿ ಮುಚ್ಚಿಹೋಗುತ್ತದೆ. ಮಗು ಬೆಳೆಯುವುದು ಆ ಬೇಳೆಯಿಂದ ಅಲ್ವಾ? ಅದಕ್ಕೇ ನಾನು ಮೊದಲು ನೋಡುವುದು ಅದನ್ನೇ.

ಊಟದ ಬೆಲ್‌ಗೆ ಒಂದು ತಾಸು ಮೊದಲು ಹೋಗಿ

ಮೊದಲು ಹೆಡ್ ಮಾಸ್ತರರಿಗೆ ಹೇಳಿ. ಆಮೇಲೆ ಅಡುಗೆ ಕೋಣೆಗೆ ಹೋಗಿ ಅಡುಗೆ ಅಕ್ಕಂದಿರ ಜೊತೆ ಮಾತಾಡಿ. ಜಗಳ ಮಾಡುವವರ ಹಾಗೆ ನುಗ್ಗಬೇಡಿ. ಕಡಿಮೆ ಗೌರವಧನಕ್ಕೆ ಅಷ್ಟು ಮಕ್ಕಳಿಗೆ ಬೇಯಿಸುವವರು ಅವರು. ಏನು ಬಂದಿದೆ, ಏನು ಬಂದಿಲ್ಲ ಅನ್ನುವುದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತು. "ಅಕ್ಕಾ, ಇವತ್ತು ಎಷ್ಟು ಬ್ಯಾಳಿ ಹಾಕೀರಿ?" ಅಂತ ಕೇಳಿ, ನಿಮ್ಮ ಚೀಟಿ ನೋಡಿಕೊಳ್ಳಿ.

ಅಕ್ಕಿ ಮೂಟೆ ನೆಲದ ಮೇಲಿದೆಯಾ, ಮಣೆಯ ಮೇಲಿದೆಯಾ ನೋಡಿ. ಒಂದು ಬೊಗಸೆ ಅಕ್ಕಿ ಮೊರಕ್ಕೆ ಹಾಕಿ ನುಸಿ ಇದೆಯಾ ನೋಡಿ. ಮುಗ್ಗಲು ವಾಸನೆ ಬಂದರೆ ಆ ಅಕ್ಕಿ ಬೇಡ. ಇಲ್ಲಿ ಒಂದು ಮಾತು ಹೇಳಲೇಬೇಕು. ಅಕ್ಕಿಯಲ್ಲಿ ಅಲ್ಲಲ್ಲಿ ಬಣ್ಣ ಬೇರೆ ಇರುವ ಕಾಳು ಕಂಡು "ಪ್ಲಾಸ್ಟಿಕ್ ಅಕ್ಕಿ" ಅಂತ ಹೆದರುವವರು ಜಾಸ್ತಿ. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರ ಮಾಡಿ, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಹಸನು ಮಾಡುವಾಗ ಅದನ್ನು ಆರಿಸಿ ಚೆಲ್ಲಬಾರದು.

ಎಣ್ಣೆಯ ವಿಷಯದಲ್ಲಿ ಮಾತ್ರ ಯಾವ ಸಂಕೋಚವೂ ಬೇಡ. 2013ರ ಜುಲೈನಲ್ಲಿ ಬಿಹಾರದ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಇತ್ತು. ನಮ್ಮದು ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಸೀಮೆ. ಹೊಲಕ್ಕೆ ಔಷಧ ಹೊಡೆಯುವುದಕ್ಕೂ ನಾವು "ಎಣ್ಣಿ ಹೊಡೆಯೋದು" ಅನ್ನುತ್ತೇವೆ. ಖಾಲಿ ಡಬ್ಬಿ ತೊಳೆದು ಮನೆಯಲ್ಲಿ ಬಳಸುವವರೂ ಇದ್ದಾರೆ. ಹಾಗಾಗಿ ಶಾಲೆಯ ಎಣ್ಣೆ ಅಂಗಡಿಯ ಪ್ಯಾಕೆಟ್ಟಿನಲ್ಲೇ ಇರಬೇಕು. ಫಿನಾಯಿಲ್, ಬ್ಲೀಚಿಂಗ್ ಪುಡಿ, ಔಷಧದ ಡಬ್ಬಿ ಅಡುಗೆ ಸಾಮಾನಿನ ಹತ್ತಿರ ಕಂಡರೆ ನಿಂತ ಜಾಗದಲ್ಲೇ ತೆಗೆಸಿ. ನಾಳೆ ಅನ್ನಬೇಡಿ.

ನೀರು ಎಲ್ಲಿಂದ ಬರುತ್ತದೆ, ಟ್ಯಾಂಕ್ ಯಾವಾಗ ತೊಳೆದಿದ್ದಾರೆ ಅಂತಲೂ ಕೇಳಿ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಾವು ಮರೆಯುವ ಹಾಗಿಲ್ಲ.

ತಟ್ಟೆ ಹಿಡಿದು ಕೂತುಕೊಳ್ಳಿ

ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರಾದರೂ ಉಂಡು ರುಚಿ ನೋಡಬೇಕು, ನೋಡಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಇದು ನಿಯಮ. ಆ ಪುಸ್ತಕ ತೋರಿಸಿ ಅಂತ ಕೇಳಿ. ಇಡೀ ತಿಂಗಳು ಒಂದೇ ಪೆನ್ನು, ಒಂದೇ ಕೈ, ಒಂದೇ "ಚೆನ್ನಾಗಿದೆ" ಇದ್ದರೆ ಸುಮ್ನೆ ಒಂದೇ ದಿನ ಕೂತು ತುಂಬಿರಬಹುದು.

ಆಮೇಲೆ ಮಕ್ಕಳ ಸಾಲಿನಲ್ಲಿ ಕೂತು ಉಣ್ಣಿ. ಸಾಲಿನ ಕೊನೆಯಲ್ಲೇ ಕೂತುಕೊಳ್ಳಿ. ಸೌಟು ಮೇಲೆ ಮೇಲೆ ಆಡಿದರೆ ಮೊದಲ ಮಕ್ಕಳಿಗೆ ತಿಳಿ, ಕೊನೆಯವರಿಗೆ ಗಟ್ಟಿ ಬರುತ್ತದೆ. ತಳದಿಂದ ಕದಡಿ ಬಡಿಸಿದರೆ ಎಲ್ಲರಿಗೂ ಒಂದೇ. ಕೊನೆಯ ತಟ್ಟೆಗೂ ತಿಳಿಯೇ ಬಂದರೆ ಬೇಳೆ ಕಡಿಮೆ ಬಿದ್ದಿದೆ ಅಂತ ಲೆಕ್ಕ.

ಮೊಟ್ಟೆಯ ದಿನ ಹಾಜರಿ ಮತ್ತು ಮೊಟ್ಟೆ ಎರಡನ್ನೂ ಎಣಿಸಿ. ಶಾಲೆಯಲ್ಲಿ ಮೊಟ್ಟೆ ಕೊಡುವುದು 2021ರಲ್ಲಿ ನಮ್ಮ ಕಡೆಯ ಜಿಲ್ಲೆಗಳಿಂದಲೇ ಶುರುವಾದದ್ದು. ಬೇಯಿಸುವ ಮೊದಲು ನೀರಿಗೆ ಹಾಕಿ, ತೇಲಿದ್ದನ್ನು ಬಿಡಬೇಕು. ನಮ್ಮ ಬಿಸಿಲಿಗೆ ಮೊಟ್ಟೆ ಬೇಗ ಕೆಡುತ್ತದೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಿಕ್ಕಿತಾ ಅಂತ ಆ ಮಕ್ಕಳನ್ನೇ ಕೇಳಿ.

ಎಂಜಲು ಬಕೆಟ್ಟನ್ನೂ ನೋಡಿ. ಅದರಲ್ಲಿ ಅನ್ನ ಜಾಸ್ತಿ ಬಿದ್ದಿದ್ದರೆ ಏನೋ ಸರಿಯಿಲ್ಲ.

ತಪ್ಪು ಕಂಡರೆ

ಮೊದಲು ದಾಸ್ತಾನು ಪುಸ್ತಕ ಕೇಳಿ. ನನ್ನ ಮಗಳ ಶಾಲೆಯಲ್ಲಿ ಅದನ್ನು ತೆರೆದಾಗಲೇ ವಿಷಯ ತಿಳಿದದ್ದು. ಬೇಳೆ ಬರುವುದು ತಡವಾಗಿತ್ತು. ಇದ್ದಷ್ಟನ್ನೇ ದಿನಕ್ಕಿಷ್ಟು ಅಂತ ಅಡುಗೆಯವರು ಹಂಚಿ ಹಾಕುತ್ತಿದ್ದರು. ಮನಸ್ಸಿನಲ್ಲಿ ಅವರನ್ನು ಬೈದುಕೊಂಡು ಹೋಗಿದ್ದೆ, ತಪ್ಪು ಅವರದಾಗಿರಲಿಲ್ಲ.

ದೂರನ್ನು ಬಾಯಲ್ಲಿ ಹೇಳಿ ಬರಬೇಡಿ. ತಾರೀಖು, ಅವತ್ತಿನ ಹಾಜರಿ, ಹಾಕಬೇಕಾದ ಬೇಳೆ, ಹಾಕಿದ ಬೇಳೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೊದಲು ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಕೊಡಿ, ಅದರಲ್ಲಿ ಹೆಚ್ಚಿನವರು ಪಾಲಕರೇ. ಅಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿ ಅಕ್ಷರ ದಾಸೋಹದ (ಬಿಸಿಯೂಟ ಯೋಜನೆಯ ಹೆಸರು) ಸಹಾಯಕ ನಿರ್ದೇಶಕರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಇನ್ನಿಬ್ಬರು ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ. ನಾವು ಮೂರು ಜನ ಹೋಗಿದ್ದೆವು.

ಹದಿನೈದು ದಿನ ಬಿಟ್ಟು ಮತ್ತೆ ಹೋಗಿ. ಈ ಸಲ ಮುಂಚೆ ಹೇಳಿ ಕಳಿಸಬೇಡಿ.