ಕೀಮೋ ನಡುವೆ ನಿದ್ದೆ ಹಿಡಿದದ್ದು: ನನ್ನ ಅನುಭವ

ಹಾಸಿಗೆಯಲ್ಲಿ ಬಿದ್ದಿರುವುದನ್ನು ಕಡಿಮೆ ಮಾಡ್ತೀನಿ, ಆಗ ನಿದ್ದೆ ಬರುತ್ತೆ ಅಂದಾಗ ಅತ್ತಿಗೆ ನನ್ನ ಜತೆ ಜಗಳಕ್ಕೇ ನಿಂತರು. ಕೀಮೋ ತಗೊಳ್ಳುವವಳು ಮಲಗಿರಬೇಕು ಅಲ್ವಾ ಅಂತ. ಕೀಮೋದ ಮೊದಲ ಎರಡು ಸೈಕಲ್, ಅಂದರೆ ಎರಡು ಸುತ್ತು, ನಾನೂ ಹಾಗೇ ಇದ್ದೆ. ರಾತ್ರಿ 9ಕ್ಕೆ ಮಲಗಿದರೆ ಬೆಳಗ್ಗೆ 7ರ ತನಕ. ಅದರಲ್ಲಿ ನಿದ್ದೆ ಹೆಚ್ಚೆಂದರೆ ನಾಲ್ಕು ಗಂಟೆ. ಉಳಿದದ್ದೆಲ್ಲ ಫ್ಯಾನ್ ನೋಡುತ್ತಾ, ಹಾಲಿನವನ ಗಾಡಿ ಸದ್ದಿಗೆ ಕಾಯುತ್ತಾ.

ದುಡ್ಡೂ ಸುರಿದೆ. ಹೊಸ ಹಾಸಿಗೆಗೆ 18 ಸಾವಿರ ಚಿಲ್ಲರೆ, ನಿದ್ದೆಗೆ ಅಂತ ಚೀಪುವ ಮೆಲಟೋನಿನ್ ಗಮ್ಮಿಗೆ ಎಂಟೊಂಬತ್ತು ನೂರು, ಯಾರೋ ಹೇಳಿದರು ಅಂತ ಅಶ್ವಗಂಧದ ಡಬ್ಬಿ ಬೇರೆ. ಆ ಡಬ್ಬಿ ನೋಡಿದ್ದೇ ತಡ, ಕೀಮೋ ಜತೆ ಲಿವರ್‌ಗೆ ಇದೆಲ್ಲ ಬೇಡ ಅಂತ ಡಾಕ್ಟರು ನಿಲ್ಲಿಸಿಬಿಟ್ಟರು. ಹೊಸ ಹಾಸಿಗೆಯಲ್ಲಿ ಈಗ ಅಮ್ಮ ಮಲಗುತ್ತಾರೆ.

ನಿದ್ದೆ ಕದಿಯುತ್ತಿದ್ದದ್ದು ಡೆಕ್ಸಾ ಮಾತ್ರೆ. ಕೀಮೋದ ಕೆಂಪು ಔಷಧಿ ಆದ ಮೇಲೆ ಮೂರು ದಿನ ವಾಂತಿ ತಡೆಯಲು ಕೊಡುತ್ತಾರಲ್ಲ, ಅದೇ ಸ್ಟೀರಾಯ್ಡ್. ಎರಡನೇ ಮಾತ್ರೆಯನ್ನು ನಾನು ರಾತ್ರಿ ಊಟದ ನಂತರ ನುಂಗುತ್ತಿದ್ದೆ. ಡಾಕ್ಟರನ್ನು ಕೇಳಿದೆ, ಮಧ್ಯಾಹ್ನ 1ಕ್ಕೆ ಬದಲಾಯಿಸಿ ಕೊಟ್ಟರು. ಡಾಕ್ಟರನ್ನು ಕೇಳದೆ ನೀವಾಗಿಯೇ ಮಾತ್ರೆಯ ಹೊತ್ತು ಬದಲಾಯಿಸಬೇಡಿ.

ಆಮೇಲೆ ಡಾಕ್ಟರಿಗೆ ಹೇಳಿಯೇ ಹಾಸಿಗೆಯಲ್ಲಿರುವ ಹೊತ್ತು ಕಡಿಮೆ ಮಾಡಲು ಶುರು ಮಾಡಿದೆ. ರಾತ್ರಿ 11:30ರ ಮೊದಲು ಹಾಸಿಗೆ ಮುಟ್ಟಬಾರದು, ಎಷ್ಟೇ ಕೆಟ್ಟ ರಾತ್ರಿಯಾದರೂ 5:30ಕ್ಕೆ ಏಳಬೇಕು. ಎಚ್ಚರವಾಗಿ ಒದ್ದಾಡುವ ಹಾಗಾದರೆ ಎದ್ದು ಹಾಲ್‌ಗೆ ಬಂದು ಕೂರಬೇಕು, ಕಣ್ಣು ಎಳೆದಾಗ ಮಾತ್ರ ವಾಪಸ್. ಮಧ್ಯಾಹ್ನ ಅಲಾರ್ಮ್ ಇಟ್ಟು ಅರ್ಧ ಗಂಟೆ ನಿದ್ದೆ, ಅಷ್ಟೇ. ಮೊದಲ ಹತ್ತು ದಿನ ನರಕ, ಒಂದು ದಿನ ಅನ್ನಕ್ಕೆ ನೀರು ಹಾಕದೆ ಕುಕ್ಕರ್ ಇಟ್ಟಿದ್ದೆ. ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಆಗಿ ಮೂಳೆ ನೋಯುವ ಎರಡು ಮೂರು ರಾತ್ರಿ ಈ ನಿಯಮವನ್ನೆಲ್ಲ ಬಿಟ್ಟುಬಿಡುತ್ತಿದ್ದೆ. ಸುಮಾರು ಮೂರನೇ ವಾರಕ್ಕೆ ಐದೂವರೆ ಗಂಟೆ ಒಂದೇ ಸಮ ನಿದ್ದೆ ಬಂತು. ಅವತ್ತು ಎದ್ದು ಅತ್ತುಬಿಟ್ಟೆ. ಆಮೇಲೆ ವಾರಕ್ಕೆ ಕಾಲು ಗಂಟೆಯಂತೆ ಮಲಗುವ ಹೊತ್ತನ್ನು ಮುಂಚೆ ತಂದೆ.

ನಡುವೆ ಇನ್ನೂ ಏನೇನೋ ಮಾಡಿ ನೋಡಿದೆ. ರಾತ್ರಿ 8ಕ್ಕೆ ರಾಗಿ ಅಂಬಲಿ ಕುಡಿದೆ, ಹೊಟ್ಟೆಗೆ ಹಿತ, ನಿದ್ದೆಗೆ ಏನೂ ಇಲ್ಲ. ದಿನದ ಮೂರು ಲೀಟರ್ ನೀರಿನಲ್ಲಿ ಮುಕ್ಕಾಲು ಪಾಲನ್ನು ಸಂಜೆ 6ರೊಳಗೆ ಮುಗಿಸಿದೆ, ಬಾತ್‌ರೂಮಿಗೆ ನಾಲ್ಕು ಸಲ ಏಳುತ್ತಿದ್ದದ್ದು ಒಂದಕ್ಕೆ ಇಳಿಯಿತು. ಮುಟ್ಟು ನಿಂತ ಮೇಲೆ ಮೈ ಧಗ್ ಅಂದು ಬೆವರುತ್ತಲ್ಲ, ಅದಕ್ಕೆ ಅಮ್ಮನ ಹಳೇ ಹತ್ತಿ ಸೀರೆ. ನಾಲ್ಕು ಮಡಿಕೆ ಮಾಡಿ ಬೆನ್ನಿಗೆ ಹಾಸುತ್ತೇನೆ, ಒದ್ದೆಯಾದರೆ ಲೈಟ್ ಹಾಕದೆ ಎಳೆದು ಕೆಳಗೆ ಬಿಸಾಕುತ್ತೇನೆ, ಒಣಗಿದ ಇನ್ನೊಂದು ಅಡಿಯಲ್ಲೇ ಇರುತ್ತೆ. ಹಾಲ್‌ನಲ್ಲಿ ಕೂತಾಗ ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಹೇಳಲ್ಲ, ಅದು ನನ್ನದು, ನಿಮ್ಮದನ್ನು ನೀವೇ ಹುಡುಕಿಕೊಳ್ಳಿ.

ಈಗ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ, 12ರಲ್ಲಿ 8 ಮುಗಿದಿವೆ. 10:45ಕ್ಕೆ ಮಲಗುತ್ತೇನೆ. ಕೀಮೋ ಕೊಡುವ ಡೇ ಕೇರ್‌ನ ಸಿಸ್ಟರ್ ಹೊಸಬರನ್ನು ನನ್ನ ಪಕ್ಕದ ಕುರ್ಚಿಗೇ ಕಳಿಸುತ್ತಾರೆ. ಅತ್ತಿಗೆ ಹೋದ ವಾರ ಅವರ ಮಂಡಿ ನೋವಿನ ರಾತ್ರಿಗಳಿಗೆ ಏನು ಮಾಡಲಿ ಅಂತ ಕೇಳಿದರು.