ಬಿಲ್ಡರಿನಲ್ಲೇ ಕಟ್ಟಿದ ಪೋರ್ಟ್‌ಫೋಲಿಯೊ: ನನ್ನ ಅನುಭವ

ಛಾಯಾಗ್ರಾಹಕರೊಬ್ಬರ ಪೋರ್ಟ್‌ಫೋಲಿಯೊ ಜಾಲತಾಣವನ್ನು ಬಿಲ್ಡರಿನಲ್ಲೇ (ಕೋಡ್ ಬರೆಯದೆ ತಾಣ ಕಟ್ಟಲು ಸಿಗುವ ಸಿದ್ಧ ಸಾಧನ) ಮಾಡಿಕೊಡುತ್ತೇನೆಂದು ಒಪ್ಪಿಕೊಂಡಾಗ ನನ್ನ ಸಹೋದ್ಯೋಗಿಗಳಿಬ್ಬರು ನಕ್ಕಿದ್ದರು. ಬಿಲ್ಡರಿನ ತಾಣಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ ಎಂಬುದು ಅವರ ವಾದವಾಗಿತ್ತು. ತಾಣ ನಡೆಯುತ್ತಾ ಈಗ ಸುಮಾರು 10 ತಿಂಗಳಾಗಿದೆ. ಕಳೆದ ವಾರ ಅವರಲ್ಲೊಬ್ಬರೇ ಅದರ ಗ್ಯಾಲರಿಯನ್ನು ಹೇಗೆ ಮಾಡಿದಿರೆಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ಎಡವಿದೆ. ಕೈಯಿಂದ ಹಣ ಹಾಕಿ ಸಿದ್ಧ ವಿನ್ಯಾಸದ ಟೆಂಪ್ಲೇಟ್ ಕೊಂಡು, ಬೇಡದ್ದನ್ನು ಕಿತ್ತುಹಾಕುವುದರಲ್ಲೇ 12 ದಿನ ಕಳೆದೆ. ಆ ಹಣ ಗ್ರಾಹಕರ ಬಿಲ್ಲಿಗೆ ಸೇರಲೇ ಇಲ್ಲ. ಕೊನೆಗೆ ಖಾಲಿ ಪುಟದಿಂದ ಆರಂಭಿಸಿದ ಕೆಲಸ ಒಂಬತ್ತೇ ದಿನಗಳಲ್ಲಿ ಮುಗಿಯಿತು.

ನಿಜವಾದ ತೊಡಕು ಇದ್ದದ್ದು ಚಿತ್ರಗಳ ಕ್ರಮದಲ್ಲಿ. ಬೇರೆಬೇರೆ ಎತ್ತರದ ಚಿತ್ರಗಳನ್ನು ಒತ್ತಾಗಿ ಜೋಡಿಸುವ ಸಿದ್ಧ ಮೇಸನ್ರಿ ಗ್ಯಾಲರಿ ಹಾಕಿದಾಗ ನೋಡಲು ಸೊಗಸಾಗಿತ್ತು, ಆದರೆ ಗ್ರಾಹಕರು ಮೊದಲ ನೋಟಕ್ಕೇ ಬೇಡವೆಂದರು. ಅದು ಸಿಎಸ್ಎಸ್ (ಪುಟದ ರೂಪ ನಿರ್ಧರಿಸುವ ಭಾಷೆ) ಕಾಲಮ್‌ಗಳ ಮೇಲೆ ನಿಂತಿದ್ದರಿಂದ ಚಿತ್ರಗಳು ಮೇಲಿನಿಂದ ಕೆಳಗೆ ತುಂಬಿಕೊಳ್ಳುತ್ತಿದ್ದವು: 40 ಚಿತ್ರಗಳಲ್ಲಿ ಎರಡನೆಯದು ಮೊದಲನೆಯದರ ಕೆಳಗೆ ಹೋಗಿ, ಅದರ ಪಕ್ಕದಲ್ಲಿ ಹದಿನಾಲ್ಕನೆಯದೋ ಹದಿನೈದನೆಯದೋ ಬಂದು ಕೂತಿತ್ತು. ಅವರು ವಾರಗಟ್ಟಲೆ ಯೋಚಿಸಿ ಹೆಣೆದ ಸರಣಿ ಚಿಂದಿಯಾಗಿತ್ತು. ಚಿತ್ರಗಳನ್ನು ಸಾಲುಸಾಲಾಗಿ ತುಂಬುವ ಗ್ರಿಡ್‌ಗೆ ಬದಲಾಯಿಸಿ ಅಗಲದ ಚಿತ್ರಗಳಿಗೆ ಎರಡು ಕಾಲಮ್ ಕೊಟ್ಟೆ. ನಡುವೆ ಉಳಿದ ಖಾಲಿ ಜಾಗ ಮುಚ್ಚಲು ಮುಂದಿನ ಚಿತ್ರಗಳನ್ನು ಹಿಂದಕ್ಕೆಳೆದು ತುಂಬುವ ‘ಡೆನ್ಸ್’ ಆಯ್ಕೆ ಹಾಕಿ ನೋಡಿದರೆ ಕ್ರಮ ಮತ್ತೆ ಕೆಟ್ಟಿತು. ಆದ್ದರಿಂದ ಖಾಲಿ ಜಾಗವನ್ನೇ ವಿನ್ಯಾಸದ ಭಾಗವಾಗಿಸಿದೆ, ಗ್ರಾಹಕರಿಗೆ ಅದೇ ಹೆಚ್ಚು ಹಿಡಿಸಿತು. ಯಾವ ಚಿತ್ರ ಅಗಲ, ಯಾವುದು ಉದ್ದ ಎಂಬುದನ್ನು ತಾಣವೇ ಗುರುತಿಸುವಂತೆ ಮಾಡಿದ ಬಗೆಯನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ, ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ಚಿತ್ರಗಳ ಬಣ್ಣ ಪೇಲವವಾಗಿದೆ ಎಂಬ ದೂರು ಆಮೇಲೆ ಬಂತು. ಮೂಲ ಕಡತಗಳು ವಿಶಾಲ ಬಣ್ಣವ್ಯಾಪ್ತಿಯ ಅಡೋಬಿ ಆರ್‌ಜಿಬಿಯಲ್ಲಿದ್ದವು. ಗಾತ್ರ ಇಳಿಸುವಾಗ ನಾನು ಬಣ್ಣಗಳನ್ನು ಹೇಗೆ ತೋರಿಸಬೇಕೆಂದು ತಿಳಿಸುವ ಪ್ರೊಫೈಲನ್ನೂ ಅಳಿಸಿಬಿಟ್ಟಿದ್ದೆ. ಎಲ್ಲವನ್ನೂ ವೆಬ್ಬಿನ ಸಾಮಾನ್ಯ ಬಣ್ಣವ್ಯಾಪ್ತಿಯಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಉದ್ದದ ಬದಿ 2400 ಪಿಕ್ಸೆಲ್ ಇಟ್ಟು, ಕಡತ ಚಿಕ್ಕದಾಗಿಸುವ ವೆಬ್‌ಪಿ ಸ್ವರೂಪದಲ್ಲಿ ಮತ್ತೆ ಏರಿಸಿದೆ. ಒಂದೊಂದು ಚಿತ್ರ 350 ಕೆಬಿ ಆಸುಪಾಸಿಗೆ ಇಳಿಯಿತು. ಮುಖಪುಟದ ಮೊದಲ ಚಿತ್ರಕ್ಕಿದ್ದ ಲೇಜಿ ಲೋಡಿಂಗ್ (ಪರದೆಗೆ ಹತ್ತಿರ ಬರುವವರೆಗೆ ಚಿತ್ರ ಇಳಿಸದಿರುವ ವ್ಯವಸ್ಥೆ) ತೆಗೆದ ಮೇಲೆ ಎಲ್‌ಸಿಪಿ (ಪುಟದ ಅತಿ ದೊಡ್ಡ ಅಂಶ ಕಾಣಿಸಲು ಹಿಡಿಯುವ ಸಮಯ) 4 ಸೆಕೆಂಡಿನಿಂದ 2.5ರ ಒಳಗೆ ಬಂತು. ಕುತೂಹಲಕ್ಕೆ ಹಿನ್ನೆಲೆಯಲ್ಲೊಂದು ವಿಡಿಯೊ ಹಾಕಿ ನೋಡಿದ್ದೆ. ಮೊಬೈಲಿನಲ್ಲಿ ತಾಣ ತೆವಳತೊಡಗಿದ್ದರಿಂದ ಅದೇ ಸಂಜೆ ಕಿತ್ತುಹಾಕಿದೆ.

ನಷ್ಟವಾದದ್ದು ಡೊಮೈನ್ ಜೋಡಿಸುವ ದಿನ. ಇಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಹಳೆಯ ಎಂಎಕ್ಸ್ ದಾಖಲೆಗಳನ್ನು ನಕಲು ಮಾಡಿಕೊಳ್ಳದೆ ಆ ದಾಖಲೆಗಳನ್ನು ಇಟ್ಟುಕೊಳ್ಳುವ ನೇಮ್‌ಸರ್ವರ್ ಬದಲಿಸಿದ್ದರಿಂದ ಗ್ರಾಹಕರಿಗೆ ಅರ್ಧ ದಿನ ಇಮೇಲ್ ಬರಲಿಲ್ಲ, ಶುಲ್ಕದಲ್ಲಿ ಹತ್ತನೇ ಒಂದು ಭಾಗವನ್ನು ನಾನೇ ಬಿಟ್ಟುಕೊಟ್ಟೆ. ಟೆಂಪ್ಲೇಟಿನ ಖರ್ಚನ್ನೂ ಕಳೆದರೆ ಕೈಗೆ ಉಳಿದದ್ದು ಒಪ್ಪಂದದ ಮುಕ್ಕಾಲು ಭಾಗ.

ಚಿತ್ರಗಳ ಕ್ರಮಸಂಖ್ಯೆಯನ್ನು 10, 20, 30 ಎಂದು ಹತ್ತರ ಅಂತರದಲ್ಲಿ ಕೊಟ್ಟಿದ್ದೆ. ಹಸ್ತಾಂತರಿಸಿದ ಎರಡನೇ ವಾರವೇ ಅವರು ಹೊಸ ಚಿತ್ರವೊಂದಕ್ಕೆ 25 ಎಂದು ಬರೆದು, ನನ್ನನ್ನು ಕೇಳದೆಯೇ ಸರಣಿಯ ನಡುವೆ ಸೇರಿಸಿಕೊಂಡಿದ್ದರು.