ಮನೆ ಡೀಮನ್‌ಗೆ ಎಸ್‌ಇಲಿನಕ್ಸ್ ಬೇಲಿ ಹಾಕೋದು ಹೆಂಗೆ

ಎಸ್‌ಇಲಿನಕ್ಸ್ ಅಂದ್ರೆ ಲಿನಕ್ಸಲ್ಲಿ ಯಾವ ಪ್ರೋಗ್ರಾಂ ಏನೇನು ಮುಟ್ಬಹುದು ಅಂತ ಕಟ್ಟುಪಾಡು ಹಾಕೋ ಕಾವಲು. ಏನೋ ಒಂದು ಓಡ್ತಿಲ್ಲ ಅಂದ ಕೂಡ್ಲೆ ಸೆಟ್‌ಎನ್‌ಫೋರ್ಸ್ ಸೊನ್ನೆ ಹೊಡ್ದು, ಆ ಕಾವಲು ತಡಿಯೋದನ್ನೇ ನಿಲ್ಸಿ ಆರಾಮಾಗಿ ಕೂರೋ ಚಾಳಿ ನಂಗೂ ಇತ್ತು. ನಮ್ಮನೆ ದನ ಒಳಗೆ ಬರ್ಲಿ ಅಂತ ಉಣುಗೋಲು ತೆಗ್ದು ಹಂಗೇ ಬಿಟ್ಟಂಗೆ ಅದು, ಊರಿನ ದನ ಎಲ್ಲ ತೋಟಕ್ಕೆ ನುಗ್ಗುತ್ತೆ ಮಾರಾಯ್ರೆ.

ತೀರ್ಥಹಳ್ಳಿ ಹತ್ರ ನಮ್ಮನೆ ಅಂಗಳದಲ್ಲಿ ಒಂದು ಮಳೆ ಮಾಪಕ ಇದೆ, ಅದ್ರ ಲೆಕ್ಕ ಬರ್ಕೊಳಕ್ಕೆ ನಾನೇ ಮಾಡಿರೋ ಒಂದು ಸಣ್ಣ ಡೀಮನ್, ಅಂದ್ರೆ ಹಿನ್ನೆಲೇಲಿ ಓಡ್ತಾನೇ ಇರೋ ಪ್ರೋಗ್ರಾಂ, ಹೆಸ್ರು ಮಳೆಡಿ, ಕೊನೇಲಿ ಒಂದು ಡಿ ಹಚ್ಚೋದು ವಾಡಿಕೆ ಅಲ್ವಾ ಅದ್ಕೆ. ಅಲ್ಮಾಲಿನಕ್ಸ್ 9 ಹಾಕಿರೋ ಹಳೇ ಡೆಸ್ಕ್‌ಟಾಪಲ್ಲಿ ಓಡುತ್ತೆ, ಮುಂದ್ಗಡೆ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ನಿಂತಿರುತ್ತೆ. ಉಬುಂಟು ಇದ್ದೋರಿಗೆ ಇದು ಉಪಯೋಗ ಇಲ್ಲ, ಅಲ್ಲಿ ಈ ಕೆಲಸಕ್ಕೆ ಆಪ್‌ಆರ್ಮರ್, ದಾರಿನೇ ಬೇರೆ.

ಮೊದ್ಲು ಪಿಎಸ್ ಕಮಾಂಡಿಗೆ ಸಣ್ಣ ಇ, ದೊಡ್ಡ ಝಡ್ ಎರಡೂ ಕೊಟ್ಟು ನಿಮ್ಮ ಡೀಮನ್ ಯಾವ ಡೊಮೈನಲ್ಲಿದೆ, ಅಂದ್ರೆ ಎಸ್‌ಇಲಿನಕ್ಸ್ ಅದನ್ನ ಯಾವ ಗುಂಪಿಗೆ ಸೇರ್ಸಿದೆ, ನೋಡಿ. ನಂದು ಅನ್‌ಕನ್‌ಫೈನ್ಡ್_ಸರ್ವಿಸ್_ಟಿ ಅಂತ ಬಂತು. ಅಂದ್ರೆ ಗೆಟ್‌ಎನ್‌ಫೋರ್ಸ್ ಹೊಡ್ದ್ರೆ ಎನ್‌ಫೋರ್ಸಿಂಗ್ ಅಂತ್ಲೇ ತೋರ್ಸಿದ್ರೂ ಈ ಡೀಮನ್‌ಗೆ ಮಾತ್ರ ಕಟ್ಟುಪಾಡೇ ಇಲ್ಲ, ನಾವೇ ಬರ್ದು ಸಿಸ್ಟಂಡಿ ಕೈಲಿ ಶುರು ಮಾಡ್ಸೋ ಸರ್ವೀಸ್‌ಗಳದ್ದು ಸಾಮಾನ್ಯವಾಗಿ ಇದೇ ಕತೆ.

ಪಾಲಿಸಿನ, ಅಂದ್ರೆ ಆ ಕಟ್ಟುಪಾಡಿನ ಪಟ್ಟಿನ, ಸೊನ್ನೆಯಿಂದ ಬರಿಯೋದು ಬೇಡ. ಪಾಲಿಸಿಕೋರ್‌ಯುಟಿಲ್ಸ್-ಡೆವೆಲ್ ಪ್ಯಾಕೇಜ್ ಹಾಕ್ಕೊಂಡು, ಒಂದು ಖಾಲಿ ಫೋಲ್ಡರಲ್ಲಿ ಎಸ್‌ಇಪಾಲಿಸಿ ಜನರೇಟ್ ಕೊಡಿ, ಜೊತೆಗೆ ಇನಿಟ್ ಅನ್ನೋ ಆಪ್ಷನ್, ನಿಮ್ಮ ಬೈನರಿಯ ಪೂರ್ತಿ ಪಾತ್, ಡೀಮನ್ ಯಾವ ಫೋಲ್ಡರಿಗೆ ಬರೆಯುತ್ತೋ ಅದನ್ನ ಸಣ್ಣ ಡಬ್ಲ್ಯೂ ಆಪ್ಷನಲ್ಲಿ. ನಂದು ವಾರ್ ಲಿಬ್ ಒಳಗಿನ ಮಳೆಡಿ ಫೋಲ್ಡರ್. ಟಿಇ, ಎಫ್‌ಸಿ, ಐಎಫ್ ಅಂತ ಫೈಲು, ಒಂದು ಶೆಲ್ ಸ್ಕ್ರಿಪ್ಟು ಹುಟ್ಟುತ್ತೆ. ಟಿಇಲಿ ಏನೇನು ಮಾಡ್ಬಹುದು ಅಂತ, ಎಫ್‌ಸಿಲಿ ಯಾವ ಫೈಲಿಗೆ ಯಾವ ಲೇಬಲ್ (ಎಸ್‌ಇಲಿನಕ್ಸ್ ಫೈಲಿಗೆ ಅಂಟ್ಸೋ ಗುರುತು) ಅಂತ ಇರುತ್ತೆ. ಸ್ಕ್ರಿಪ್ಟನ್ನ ರೂಟ್ ಆಗಿ ಓಡ್ಸಿ, ಡೀಮನ್ ರೀಸ್ಟಾರ್ಟ್ ಮಾಡಿ ಮತ್ತೆ ಪಿಎಸ್ ನೋಡಿದ್ರೆ ಮಳೆಡಿ_ಟಿ ಅಂತ ಬರ್ಬೇಕು.

ಟಿಇ ಫೈಲಲ್ಲಿ ಪರ್ಮಿಸಿವ್ ಮಳೆಡಿ_ಟಿ ಅಂತ ಒಂದು ಸಾಲು ಇರುತ್ತೆ, ಅದನ್ನ ಈಗ್ಲೇ ಮುಟ್ಬೇಡಿ. ಅದಿದ್ದಾಗ ಈ ಒಂದು ಡೀಮನ್‌ದು ತಪ್ಪು ಬರೇ ಲಾಗ್ ಆಗುತ್ತೆ, ತಡಿಯಲ್ಲ, ಉಳಿದ ಮಿಷನ್ ಬಿಗಿಯಾಗೇ ಇರುತ್ತೆ. ಎರಡ್ಮೂರು ದಿನ ಬಿಡಿ. ರೀಸ್ಟಾರ್ಟ್, ಲಾಗ್ ರೊಟೇಟ್, ಕೇಬಲ್ ಕಿತ್ತು ಹಾಕೋದು, ಎಲ್ಲಾ ಆಗ್ಲಿ.

ಆಮೇಲೆ ಎಯುಸರ್ಚಲ್ಲಿ ಎವಿಸಿ ಮೆಸೇಜ್, ಅಂದ್ರೆ ಎಸ್‌ಇಲಿನಕ್ಸ್ ಬೇಡ ಅಂದಿದ್ದರ ದಾಖಲೆ, ತೆಗ್ದು, ಯಾಕೆ ಅಂತ ಹೇಳೋ ಆಡಿಟ್2ವೈಗೆ ಪೈಪ್ ಮಾಡಿ, ಒಂದೊಂದೇ ಓದಿ. ಎಲ್ರೂ ಎಡವೋದು ಇಲ್ಲೇ, ಸಿಕ್ಕಿದ್ದೆಲ್ಲ ಆಡಿಟ್2ಅಲೋಗೆ, ಅಂದ್ರೆ ತಡೆದಿದ್ದಕ್ಕೆಲ್ಲ ಅನುಮತಿ ರೂಲ್ ಬರ್ಕೊಡೋ ಕಮಾಂಡಿಗೆ, ಸುರಿದು ಬರೋ ಮಾಡ್ಯೂಲನ್ನ ಹಂಗೇ ಲೋಡ್ ಮಾಡ್ತಾರೆ. ನಂಗೆ ಸಿಕ್ಕಿದ ಒಂದು ಸಾಲಲ್ಲಿ ಎಸ್‌ಕಾಂಟೆಕ್ಸ್ಟ್ (ಕೇಳಿದೋರು) ಮಳೆಡಿ_ಟಿ, ಟಿಕಾಂಟೆಕ್ಸ್ಟ್ (ಮುಟ್ಟಕ್ಕೆ ಹೋದ ಫೈಲು) ಯೂಸರ್_ಹೋಮ್_ಟಿ, ಕೇಳಿದ್ದು ರೀಡ್. ಮಳೆಡಿಗೂ ಮನೆ ಫೋಲ್ಡರಿಗೂ ಎಂತ ಸಂಬಂಧ? ನೋಡಿದ್ರೆ ಕಾನ್ಫಿಗ್ ಫೈಲನ್ನ ಮನೆ ಫೋಲ್ಡರಲ್ಲಿ ಬರ್ದು ಎಂವಿ ಮಾಡಿ ಇಟಿಸಿಗೆ ಹಾಕಿದ್ದೆ. ಮಂಡಿಗೆ ಹೋಗೋ ಅಡಿಕೆ ಮೂಟೆಗೆ ರಾಶಿ, ಬೆಟ್ಟೆ ಅಂತ ಚೀಟಿ ಕಟ್ಟಿದ್ರೆ ಆ ಮೂಟೆನ ಯಾವ ಗೋಡೌನಿಗೆ ಹೊತ್ಕೊಂಡು ಹೋದ್ರೂ ಚೀಟಿ ಅದೇ ಅಲ್ವಾ, ಎಂವಿನೂ ಹಂಗೇ, ಹಳೇ ಲೇಬಲ್ ಜೊತೆಗೇ ಬರುತ್ತೆ. ಸಿಪಿ, ಅಂದ್ರೆ ಕಾಪಿ, ಮಾಡಿ ಹೊಸ ಫೈಲ್ ಆದ್ರೆ ಹೋದ ಜಾಗದ ಲೇಬಲ್ ಸಿಗುತ್ತೆ. ಅವತ್ತು ಆಡಿಟ್2ಅಲೋ ಮಾತು ಕೇಳಿದ್ರೆ ಮನೆ ಫೋಲ್ಡರಲ್ಲಿ ಆ ಲೇಬಲ್ ಇರೋ ಫೈಲೆಲ್ಲಾ ಓದಕ್ಕೆ ಪರ್ಮಿಷನ್ ಬರ್ಕೊಟ್ಟಂಗೆ ಆಗ್ತಿತ್ತು. ಬೇಕಿದ್ದಿದ್ದು ಆ ಫೈಲ್ ಮೇಲೆ ಒಂದು ರಿಸ್ಟೋರ್‌ಕಾನ್ ಅಷ್ಟೆ, ಅದು ಚೀಟಿ ಸರಿ ಮಾಡುತ್ತೆ.

ಹಂಗಾಗಿ ಮೊದ್ಲು ಲೇಬಲ್ ಸರಿ ಇದ್ಯಾ ನೋಡಿ, ಆಮೇಲೆ ಇದ್ಕೆ ಬೂಲಿಯನ್, ಅಂದ್ರೆ ಪಾಲಿಸಿಲಿ ಮೊದ್ಲೇ ಇಟ್ಟಿರೋ ಆನ್-ಆಫ್ ಸ್ವಿಚ್, ಇದ್ಯಾ ನೋಡಿ, ಎರಡೂ ಅಲ್ಲ, ಡೀಮನ್‌ಗೆ ಇದು ನಿಜ್ವಾಗ್ಲೂ ಬೇಕು ಅಂದ್ರೆ ಮಾತ್ರ ಟಿಇಗೆ ರೂಲ್ ಸೇರ್ಸಿ. ಸೀರಿಯಲ್ ಪೋರ್ಟ್ ಓದೋದು ನಂಗೆ ಹಂಗೆ ಸೇರ್ಸಿದ್ದು.

ಬೂಲಿಯನ್ ಅಂದಾಗ ನೆನಪಾಯ್ತು. ಎಂಜಿನ್‌ಎಕ್ಸ್ ಓಡೋದು ಎಚ್‌ಟಿಟಿಪಿಡಿ_ಟಿಲಿ, ಅದು ಹಿಂದಿರೋ ನಿಮ್ಮ ಡೀಮನ್ ಪೋರ್ಟಿಗೆ ಕನೆಕ್ಟ್ ಆಗಕ್ಕೆ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಆನ್ ಮಾಡ್ಬೇಕಾಗ್ಬಹುದು, ಇಲ್ಲಾಂದ್ರೆ ಬ್ರೌಸರಲ್ಲಿ 502 ಎರರ್. ಸೆಟ್‌ಎಸ್‌ಇಬೂಲ್‌ಗೆ ದೊಡ್ಡ ಪಿ ಹಾಕೋದು ಮರೀಬೇಡಿ, ಅದಿಲ್ಲಾಂದ್ರೆ ರೀಬೂಟ್ ಆದ್ಮೇಲೆ ಸ್ವಿಚ್ ಹಳೇ ತರಾನೇ ಆಗುತ್ತೆ. ನಾನು ಮರ್ತಿದ್ದೆ, ಚೆನ್ನಾಗೇ ಓಡ್ತಿತ್ತು, ಆಷಾಢದ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯ್ತು, ಯುಪಿಎಸ್ಸೂ ಸತ್ತು ಮಿಷನ್ ರೀಬೂಟ್ ಆಯ್ತು, ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಪೇಜ್ ತೆಗ್ದ್ರೆ 502, ಒಂದು ಗಂಟೆ ಎಂಜಿನ್‌ಎಕ್ಸ್ ಕಾನ್ಫಿಗಲ್ಲೇ ತಲೆ ಚಚ್ಕೊಂಡೆ.

ಲಾಗಲ್ಲಿ ಹೊಸ ಡಿನೈಡ್ ಬರೋದು ನಿಂತ ಮೇಲೆ ಟಿಇಯಿಂದ ಪರ್ಮಿಸಿವ್ ಸಾಲು ಅಳಿಸಿ, ಸ್ಕ್ರಿಪ್ಟ್ ಇನ್ನೊಂದ್ಸಲ ಓಡ್ಸಿ. ಈಗ ಬೇಲಿ ನಿಜ್ವಾಗ್ಲೂ ಬಿತ್ತು. ಇಷ್ಟಾದ್ಮೇಲೂ ಡೀಮನ್ ಸುಮ್ನೆ ಕೂತು ಲಾಗಲ್ಲಿ ಏನೂ ಕಾಣ್ತಿಲ್ಲ ಅಂದ್ರೆ ಲಾಗ್ ಮಾಡ್ಬೇಡ ಅನ್ನೋ ಡೋಂಟ್‌ಆಡಿಟ್ ರೂಲ್‌ಗಳು ಮುಚ್ಚಿಟ್ಟಿರ್ಬಹುದು, ಎಸ್‌ಇಮಾಡ್ಯೂಲ್‌ಗೆ ದೊಡ್ಡ ಡಿ, ದೊಡ್ಡ ಬಿ ಎರಡೂ ಕೊಟ್ಟು ಒಂದ್ಸಲ ನೋಡಿ, ನೋಡಿಯಾದ್ಮೇಲೆ ಬರೇ ಬಿ ಕೊಟ್ಟು ವಾಪಸ್ ಹಾಕಿ, ಇಲ್ಲಾಂದ್ರೆ ಬೇಡದ ಮೆಸೇಜೆಲ್ಲ ಸೇರಿ ಆಡಿಟ್ ಲಾಗ್ ಹೊಳೆ ತರ ಉಕ್ಕುತ್ತೆ.